ಆರು ಸಾವಿರದಿಂದ ಏಳೂವರೆ ಸಾವಿರಕ್ಕೆ

ಸುಜುಕಿಯ ಜಿ13 ಕುಟುಂಬದ 1.3 ಲೀಟರ್ ಎಂಜಿನ್ ನಮ್ಮ ದೇಶದ ಮೋಟಾರು ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ದುಡಿದ ಯಂತ್ರ. ಮಾರುತಿ ಜಿಪ್ಸಿಯ ಬಾನೆಟ್ಟಿನಡಿ ಕುಳಿತು ಹಿಮಾಲಯದ ದಾರಿಗಳನ್ನು ಹತ್ತಿದ್ದು ಇದೇ. ಎಸ್ಟೀಮ್ ಕಾರಿನೊಳಗಿದ್ದು ಟ್ರ್ಯಾಕುಗಳಲ್ಲಿ, ರ್‍ಯಾಲಿಗಳ ಮಣ್ಣಿನ ರಸ್ತೆಗಳಲ್ಲಿ ಓಡಿದ್ದೂ ಇದೇ. ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, 74 ಮಿ.ಮೀ. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 75.5 ಮಿ.ಮೀ. ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ. ಜಿಪ್ಸಿ ಕಿಂಗ್‌ನಲ್ಲಿದ್ದ ಹದಿನಾರು ವಾಲ್ವಿನ ಎಂಪಿಎಫ್‌ಐ ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿ ಕೊಡುತ್ತಿತ್ತು.

ಹಳತಾದ ಇಂಥದೊಂದು ಎಂಜಿನ್ನನ್ನು ಇಳಿಸಿ, ಬಿಚ್ಚಿ, ಸ್ಪರ್ಧೆಗೆಂದು ಮತ್ತೆ ಕಟ್ಟಬೇಕಾಗಿದೆ ಎಂದುಕೊಳ್ಳೋಣ. ಗುರಿ 100 ಅಶ್ವಶಕ್ತಿ. ಬಹುಪಾಲು ಜನ ಈ ಹಂತದಲ್ಲಿ ಬಿಡಿಭಾಗಗಳ ಪಟ್ಟಿ ಬರೆಯಲು ಕೂರುತ್ತಾರೆ: ಫೋರ್ಜ್ಡ್ ಪಿಸ್ಟನ್, ದೊಡ್ಡ ಕ್ಯಾಮ್, ಗಟ್ಟಿ ಸ್ಪ್ರಿಂಗ್. ಆದರೆ ಪಟ್ಟಿಯ ತಲೆಯಲ್ಲಿ ಬರಬೇಕಾದದ್ದು ಒಂದು ಸಂಖ್ಯೆ. ಈ ಎಂಜಿನ್ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸುತ್ತು ತಿರುಗಬೇಕು? ಯಾವ ಭಾಗ ಬೇಕು, ಅದನ್ನು ಹೇಗೆ ಸಿದ್ಧಪಡಿಸಬೇಕು ಎಂಬುದೆಲ್ಲ ಆ ಸಂಖ್ಯೆಯಿಂದಲೇ ಹೊರಡುತ್ತದೆ.

ವರ್ಗದ ನಿಯಮ

ಶಕ್ತಿ ಎಂದರೆ ಟಾರ್ಕ್ ಮತ್ತು ತಿರುಗುವ ವೇಗದ ಗುಣಲಬ್ಧ. 6000 ಸುತ್ತಿನಲ್ಲಿ 80 ಅಶ್ವಶಕ್ತಿ ಬರಬೇಕಾದರೆ ಆಗ ಎಂಜಿನ್ನಿನ ಟಾರ್ಕ್ ಸುಮಾರು 95 ನ್ಯೂಟನ್-ಮೀಟರ್ ಇರಬೇಕು. ಟಾರ್ಕ್ ಹೆಚ್ಚಿಸುವುದು ಸುಲಭವಲ್ಲ. ಒಂದು ಸಿಲಿಂಡರ್ ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು 325 ಸಿಸಿ ಗಾಳಿಯನ್ನು. ಟರ್ಬೊ ಇಲ್ಲದೆ ಅದಕ್ಕಿಂತ ಬಹಳ ಹೆಚ್ಚು ತುಂಬಲು ಆಗದು. ಹಾಗಾಗಿ ಉಳಿಯುವ ದಾರಿ ವೇಗ. ಅದೇ 95 ನ್ಯೂಟನ್-ಮೀಟರನ್ನು 7500 ಸುತ್ತಿನವರೆಗೂ ಉಳಿಸಿಕೊಂಡರೆ 100 ಅಶ್ವಶಕ್ತಿ ಕೈಗೆ ಬರುತ್ತದೆ. ವೇಗವೂ ಶಕ್ತಿಯೂ ಶೇಕಡ 25ರಷ್ಟು ಏರುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಮಾತ್ರ ಶೇಕಡ 25 ಅಲ್ಲ. ಪಿಸ್ಟನ್ ಮೇಲಿನ ತುದಿಯಲ್ಲಿ ಒಂದು ಕ್ಷಣ ನಿಂತು, ದಿಕ್ಕು ಬದಲಿಸಿ ಕೆಳಗೆ ಓಡುತ್ತದೆ. ಹಾಗೆ ತಿರುಗಿಸಲು ಬೇಕಾಗುವ ವೇಗೋತ್ಕರ್ಷ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.25ರ ವರ್ಗ 1.56. ಅಂದರೆ ಶೇಕಡ 25ರಷ್ಟು ಶಕ್ತಿಗಾಗಿ ಒಳಗಿನ ಭಾಗಗಳ ಮೇಲಿನ ಜಡತ್ವದ ಹೊರೆ ಶೇಕಡ 56ರಷ್ಟು ಹೆಚ್ಚುತ್ತದೆ.

ಈ ಎಂಜಿನ್ನಿನಲ್ಲಿ 6000 ಸುತ್ತಿಗೆ ಪಿಸ್ಟನ್ನಿನ ಗರಿಷ್ಠ ವೇಗೋತ್ಕರ್ಷ ಗುರುತ್ವದ ಸುಮಾರು 2000 ಪಟ್ಟು. 7500ಕ್ಕೆ ಅದು 3100 ಪಟ್ಟು ದಾಟುತ್ತದೆ. ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 350 ಗ್ರಾಂ ತೂಗುತ್ತವೆ ಎಂದಿಟ್ಟುಕೊಂಡರೆ, ಮೊದಲ ವೇಗದಲ್ಲಿ ಅವು, ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು 700 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತವೆ. ಎರಡನೆಯದರಲ್ಲಿ ಸುಮಾರು 1100 ಕಿಲೋ. ಸ್ಪರ್ಧೆಯ ಎಂಜಿನ್ನಿಗೆ ಪಿಸ್ಟನ್ ಹಗುರವಾಗಬೇಕು ಎನ್ನುವುದು ಏಕೆಂದು ಇಲ್ಲಿ ಕಾಣುತ್ತದೆ. ಹತ್ತೇ ಗ್ರಾಂ ಇಳಿದರೂ 7500 ಸುತ್ತಿನಲ್ಲಿ ರಾಡಿನ ಮೇಲಿಂದ 30 ಕಿಲೋಗೂ ಮಿಕ್ಕಿದ ಭಾರ ಇಳಿಯುತ್ತದೆ. ನಾಲ್ಕು ಪಿಸ್ಟನ್ನುಗಳ ತೂಕ ಸರಿಸಮ ಇರಬೇಕೆಂಬುದಕ್ಕೂ ಇದೇ ಕಾರಣ. ತಕ್ಕಡಿಯಲ್ಲಿ ಅತಿ ಹಗುರವಾದುದನ್ನು ಗುರುತಿಸಿ, ಉಳಿದ ಮೂರನ್ನೂ ಒಳಭಾಗದಲ್ಲಿ, ಬಲಕ್ಕೆ ಧಕ್ಕೆಯಾಗದ ಕಡೆ, ಸವೆಸಿ ಆ ಮಟ್ಟಕ್ಕೆ ತರುತ್ತಾರೆ. ರಾಡುಗಳಲ್ಲಿ ದೊಡ್ಡ ತುದಿ ಮತ್ತು ಸಣ್ಣ ತುದಿಗಳನ್ನು ಬೇರೆಬೇರೆಯಾಗಿ ತೂಗಬೇಕು. ದೊಡ್ಡ ತುದಿ ಸುತ್ತುತ್ತದೆ, ಸಣ್ಣ ತುದಿ ಮೇಲೆ ಕೆಳಗೆ ಓಡಾಡುತ್ತದೆ; ಒಟ್ಟು ತೂಕ ಒಂದೇ ಆಗಿದ್ದರೂ ಹಂಚಿಕೆ ಬೇರೆಯಾದರೆ ನಡುಕ ಉಳಿದೇ ಉಳಿಯುತ್ತದೆ.

ರಾಡಿಗಿಂತ ಮುಖ್ಯ ಅದರ ಬೋಲ್ಟು

ಎಂಜಿನ್ನಿನೊಳಗೆ ಸ್ಫೋಟದ ಒತ್ತಡವೇ ದೊಡ್ಡ ಅಪಾಯ ಎಂದು ತೋರುವುದು ಸಹಜ. ಆ ಒತ್ತಡ ರಾಡನ್ನು ಅದುಮುತ್ತದೆ, ಮತ್ತು ಅದುಮುವ ಬಲವನ್ನು ಉಕ್ಕು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ನಿಜವಾದ ಸಂಕಟ ಬರುವುದು ಹೊಗೆ ಹೊರಹೋಗುವ ಹೊಡೆತದ ಕೊನೆಯಲ್ಲಿ. ಆಗ ಎಕ್ಸಾಸ್ಟ್ ವಾಲ್ವು ತೆರೆದಿರುತ್ತದೆ, ಮೇಲೇರುವ ಪಿಸ್ಟನ್ನನ್ನು ತಡೆಯಲು ಅನಿಲದ ಮೆತ್ತೆ ಇರುವುದಿಲ್ಲ. ಪಿಸ್ಟನ್ನನ್ನು ನಿಲ್ಲಿಸಿ ಕೆಳಕ್ಕೆಳೆಯುವ ಪೂರ್ತಿ ಕೆಲಸ ರಾಡಿನದು, ಅದರಲ್ಲೂ ದೊಡ್ಡ ತುದಿಯ ಕ್ಯಾಪನ್ನು ಹಿಡಿದಿರುವ ಎರಡು ಬೋಲ್ಟುಗಳದು. 7500 ಸುತ್ತಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಸಲ ಇದು ನಡೆಯುತ್ತದೆ.

ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ಸ್ಪ್ರಿಂಗಿನಂತೆ ತುಸು ಹಿಗ್ಗಿಸುವುದು. ಹಾಗೆ ಹಿಗ್ಗಿದ ಬೋಲ್ಟು ಕ್ಯಾಪನ್ನು ಒತ್ತಿ ಹಿಡಿದಿರುವ ಬಲ, ಪಿಸ್ಟನ್ ಎಳೆಯುವ ಬಲಕ್ಕಿಂತ ಹೆಚ್ಚಾಗಿರುವವರೆಗೆ ಬೋಲ್ಟಿಗೆ ಆ ಎಳೆತದ ಏರಿಳಿತ ಹೆಚ್ಚು ತಟ್ಟುವುದಿಲ್ಲ. ಎತ್ತಿನಗಾಡಿಯ ಹುಲ್ಲಿನ ಹೊರೆಯನ್ನು ಬಿಗಿದ ಹಗ್ಗವೂ ಹೀಗೆಯೇ: ಬಿಗಿಯಾಗಿದ್ದರೆ ಊರು ಮುಟ್ಟುವವರೆಗೆ ಬಾಳುತ್ತದೆ, ಸಡಿಲವಾದರೆ ಒಂದೊಂದು ಕುಲುಕಿಗೂ ಜಗ್ಗಿ ಜಗ್ಗಿ ಎಳೆ ಎಳೆಯಾಗಿ ಹರಿಯುತ್ತದೆ. ಲೋಹದಲ್ಲಿ ಹೀಗೆ ಮತ್ತೆ ಮತ್ತೆ ಜಗ್ಗಿ ಬಿರುಕು ಬೆಳೆಯುವುದನ್ನು ದಣಿವು ಎನ್ನುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಗಾಡಿಗಳ ಅಚ್ಚುಗಳು ಮುರಿಯುವುದನ್ನು ಅಭ್ಯಸಿಸಿ, ಒಮ್ಮೆಗೆ ತಾಳುವ ಹೊರೆಗಿಂತ ಬಹಳ ಕಡಿಮೆ ಹೊರೆಯೂ ಮರುಕಳಿಸುತ್ತ ಹೋದರೆ ಉಕ್ಕನ್ನು ಮುರಿಯಬಲ್ಲದು ಎಂದು ತೋರಿಸಿದರು.

ಬೋಲ್ಟು ಎಷ್ಟು ಬಿಗಿಯಾಗಿದೆ ಎಂದು ಟಾರ್ಕ್ ರೆಂಚ್ ಹೇಳುತ್ತದೆಯೇ? ಅರ್ಧಂಬರ್ಧ ಮಾತ್ರ. ರೆಂಚಿಗೆ ಹಾಕಿದ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟಿನ ತಲೆಯಡಿಯ ಮತ್ತು ಮರೆಯ, ಅಂದರೆ ಥ್ರೆಡ್ಡಿನ, ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಬೋಲ್ಟನ್ನು ಹಿಗ್ಗಿಸುತ್ತದೆ. ಮರೆಗೆ ಹಚ್ಚುವ ಎಣ್ಣೆ ಬದಲಾದರೆ ಅದೇ ಟಾರ್ಕಿಗೆ ಬಿಗಿತವೂ ಬದಲಾಗುತ್ತದೆ. ಆದ್ದರಿಂದ ಸ್ಪರ್ಧೆಯ ಎಂಜಿನ್ ಕಟ್ಟುವವರು ರಾಡ್ ಬೋಲ್ಟಿನ ಉದ್ದವನ್ನು ಬಿಗಿಯುವ ಮೊದಲು ಮತ್ತು ಬಿಗಿದ ಮೇಲೆ ಅಳೆದು, ತಯಾರಕರು ಹೇಳಿದಷ್ಟು ಹಿಗ್ಗಿದೆಯೇ ಎಂದು ನೋಡುತ್ತಾರೆ. ಹಳೆಯ ಬೋಲ್ಟನ್ನು ಮತ್ತೆ ಬಳಸಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಎಲ್ಲವೂ ಸಿಗುತ್ತದೆ, ಅಸಲಿ ಡಬ್ಬದೊಳಗಿನ ನಕಲಿ ಮಾಲೂ ಸೇರಿ. ಬೋಲ್ಟಿನ ವಿಷಯದಲ್ಲಿ ಮೂಲ ಗೊತ್ತಿರುವ ಅಂಗಡಿಯಿಂದಷ್ಟೇ ಕೊಳ್ಳಬೇಕು.

ಹಳೆಯ ರಾಡನ್ನೇ ಉಳಿಸಿಕೊಳ್ಳುವುದಾದರೆ ಬಿರುಕು ಹುಡುಕುವುದು ಕಡ್ಡಾಯ. ಉಕ್ಕಿನ ರಾಡು, ಕ್ರ್ಯಾಂಕುಗಳಿಗೆ ಕಾಂತದ ಪರೀಕ್ಷೆ: ಭಾಗವನ್ನು ಕಾಂತವಾಗಿಸಿ ಕಬ್ಬಿಣದ ಪುಡಿ ಹರಡಿದರೆ, ಕಣ್ಣಿಗೆ ಕಾಣದ ಸೀಳಿನ ಮೇಲೆ ಪುಡಿ ಗೆರೆಯಾಗಿ ಸಾಲುಗಟ್ಟುತ್ತದೆ. ಅಲ್ಯೂಮಿನಿಯಂ ಹೆಡ್ಡಿಗೆ ಇದು ನಡೆಯದು. ಅದಕ್ಕೆ ಸೀಳಿನೊಳಗೆ ಇಳಿಯುವ ಬಣ್ಣ ಹಚ್ಚಿ, ಒರೆಸಿ, ಮತ್ತೆ ಹೊರಬರುವ ಗೆರೆಯನ್ನು ನೋಡಬೇಕು. ದಣಿವಿನ ಬಿರುಕು ಹುಟ್ಟುವುದು ಸಾಮಾನ್ಯವಾಗಿ ಮೇಲ್ಮೈಯ ಗೀರಿನಲ್ಲಿ. ಅದಕ್ಕೇ ರಾಡಿನ ಅಂಚುಗಳನ್ನು ಉದ್ದಕ್ಕೆ ಉಜ್ಜಿ ನುಣುಪು ಮಾಡುತ್ತಾರೆ. ಅಡ್ಡಕ್ಕೆ ಉಜ್ಜಿದರೆ ಪ್ರತಿ ಗೀರೂ ಬಿರುಕಿಗೆ ಬಾಗಿಲು. ಆಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಮೇಲ್ಮೈಗೆ ಎರಚುವ ಶಾಟ್ ಪೀನಿಂಗ್. ಇದರಿಂದ ಹೊರಪದರ ಒಳಗೊಳಗೇ ಅದುಮಿಕೊಂಡಿರುತ್ತದೆ. ಅದುಮಿದ ಲೋಹದಲ್ಲಿ ಬಿರುಕು ಬಾಯ್ದೆರೆಯುವುದು ಕಷ್ಟ.

ಕಾದಾಗ ಹಿಗ್ಗುವ ಪಿಸ್ಟನ್, ರಿಂಗ್

ಎರಕದ ಪಿಸ್ಟನ್ನಿಗಿಂತ ಫೋರ್ಜ್ ಮಾಡಿದ ಪಿಸ್ಟನ್ ಗಟ್ಟಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಫೋರ್ಜಿಂಗ್‌ನಲ್ಲೂ ಮುಖ್ಯವಾಗಿ ಎರಡು ಜಾತಿ. 4032 ಎಂಬ ಮಿಶ್ರಲೋಹದಲ್ಲಿ ಸುಮಾರು ಶೇಕಡ 12ರಷ್ಟು ಸಿಲಿಕಾನ್ ಇದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಸಿಲಿಕಾನ್ ಇದ್ದರೆ ಪಿಸ್ಟನ್ ಕಾದಾಗ ಕಡಿಮೆ ಹಿಗ್ಗುತ್ತದೆ, ಸವೆತವನ್ನೂ ತಡೆಯುತ್ತದೆ. ಇಲ್ಲದಿದ್ದರೆ ಲೋಹ ಹೆಚ್ಚು ಜಿಗುಟು. ಹೊಡೆತ ಬಿದ್ದರೆ ಒಡೆಯುವ ಬದಲು ಬಾಗುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಅದನ್ನು ಬೋರಿನಲ್ಲಿ ಇನ್ನಷ್ಟು ಸಡಿಲವಾಗಿ ಕೂರಿಸಬೇಕು, ಮತ್ತು ಎಂಜಿನ್ ಬಿಸಿಯಾಗುವವರೆಗೆ ಪಿಸ್ಟನ್ ಗೋಡೆಗೆ ಬಡಿಯುವ ಸದ್ದನ್ನು ಸಹಿಸಬೇಕು. ಟರ್ಬೊ ಇಲ್ಲದ, ರಸ್ತೆಯಲ್ಲೂ ಓಡಬೇಕಾದ ನಮ್ಮ ಎಂಜಿನ್ನಿಗೆ 4032 ಸಾಕು. ಅತ್ಯಂತ ಗಟ್ಟಿ ಭಾಗವೇ ಅತ್ಯಂತ ಸೂಕ್ತ ಭಾಗ ಎಂಬ ನಂಬಿಕೆಯಿಂದ ದುಡ್ಡೂ ಹೋಗುತ್ತದೆ, ಎಂಜಿನ್ನಿನ ಆಯಸ್ಸೂ ಹೋಗುತ್ತದೆ.

ಪಿಸ್ಟನ್ ಕೊಂಡ ಮೇಲೆ ಬೋರ್ ಹೊಡೆಸಬೇಕೇ ಹೊರತು ಅದಕ್ಕೆ ಮೊದಲಲ್ಲ. ಪ್ರತಿ ಪಿಸ್ಟನ್ನನ್ನೂ ತಯಾರಕರು ಹೇಳಿದ ಎತ್ತರದಲ್ಲಿ ಮೈಕ್ರೋಮೀಟರಿನಿಂದ ಅಳೆದು, ಯಾವುದು ಯಾವ ಸಿಲಿಂಡರಿಗೆ ಎಂದು ಗುರುತು ಹಾಕಿ, ಬೇಕಾದ ಸಂದನ್ನು ಕೂಡಿಸಿ ಲೇತಿನವರಿಗೆ ಅಳತೆ ಬರೆದು ಕೊಡಬೇಕು. ಅರ್ಧ ಮಿಲಿಮೀಟರ್ ಓವರ್‌ಸೈಜ್‌ಗೆ ಹೋದರೆ ಶಕ್ತಿ ಬಹಳ ಹೆಚ್ಚುತ್ತದೆಂಬ ಭಾವನೆ ಇದೆ. ಲೆಕ್ಕ ಹಾಕಿದರೆ 1298 ಸಿಸಿ 1316 ಆಗುತ್ತದೆ, ಅಷ್ಟೆ. ಶೇಕಡ ಒಂದೂವರೆಯೂ ಇಲ್ಲ. ರಿಬೋರ್ ಕೊಡುವ ನಿಜವಾದ ಲಾಭ ಹೊಸದಾಗಿ ಸಿಗುವ ದುಂಡು ಸಿಲಿಂಡರ್. ಆ ದುಂಡುತನವೂ ಹೆಡ್ ಬೋಲ್ಟುಗಳನ್ನು ಬಿಗಿದಾಗ ತುಸು ಸೊಟ್ಟಗಾಗುತ್ತದೆ. ಹಾಗಾಗಿ ಒಳ್ಳೆಯ ಬೋರಿಂಗ್ ಅಂಗಡಿಯಲ್ಲಿ ಹೆಡ್ಡಿನ ಬದಲು ದಪ್ಪನೆಯ ಲೋಹದ ಫಲಕವನ್ನು ಅಷ್ಟೇ ಟಾರ್ಕಿಗೆ ಬಿಗಿದು, ಆ ಸ್ಥಿತಿಯಲ್ಲೇ ಕಲ್ಲಿನಿಂದ ಉಜ್ಜಿ ಹೋನಿಂಗ್ ಮಾಡುತ್ತಾರೆ. ಹೋನಿಂಗ್ ಬಿಡಿಸುವ ಅಡ್ಡಾದಿಡ್ಡಿ ಸಣ್ಣ ಗೆರೆಗಳು ಎಣ್ಣೆಯನ್ನು ಹಿಡಿದಿಡುತ್ತವೆ.

ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಅನೇಕರು ಅಳೆಯದೆ ಬಿಡುವ ಜಾಗ. ಅದನ್ನು ಬಿಡಲೇಬಾರದೆಂದು ಒಂದು ಸಣ್ಣ ಲೆಕ್ಕ ಹೇಳುತ್ತದೆ. 74 ಮಿ.ಮೀ. ಬೋರಿನ ಸುತ್ತಳತೆ 232 ಮಿ.ಮೀ. ಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದು ಪಾಲು ಹಿಗ್ಗುತ್ತದೆ. ರಿಂಗು ಸಿಲಿಂಡರಿನ ಗೋಡೆಗಿಂತ 100 ಡಿಗ್ರಿ ಹೆಚ್ಚು ಕಾದರೆ ಅದರ ಉದ್ದ ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಮೇಲಿನ ರಿಂಗಿನ ಸಂದು ಬೋರಿನ ಸಾವಿರದಲ್ಲಿ ನಾಲ್ಕು ಪಾಲು, ಅಂದರೆ ಇಲ್ಲಿ 0.30 ಮಿ.ಮೀ. ಇರಲಿ ಎಂಬ ಹಳೆಯ ರೂಢಿಯ ಹಿಂದಿರುವುದು ಇದೇ. ಸಂದು ಸ್ವಲ್ಪ ಹೆಚ್ಚಾದರೆ ತುಸು ಅನಿಲ ಸೋರುತ್ತದೆ. ಕಡಿಮೆಯಾದರೆ ತುದಿಗಳು ಒಂದಕ್ಕೊಂದು ತಾಗಿ, ಹಿಗ್ಗಲು ಜಾಗವಿಲ್ಲದ ರಿಂಗು ಗೋಡೆಯನ್ನು ಗೀರುತ್ತದೆ, ಪಿಸ್ಟನ್ನಿನ ತಲೆಯನ್ನೇ ಒಡೆಯಬಲ್ಲದು. ರಿಂಗನ್ನು ಅದರದೇ ಸಿಲಿಂಡರಿನಲ್ಲಿಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಒತ್ತಿ ನೇರ ಮಾಡಿ, ಫೀಲರ್ ಗೇಜಿನಿಂದ ಅಳೆದು, ಬೇಕಾದಷ್ಟೇ ಅರ ಹಾಕಬೇಕು. ಬಿಡುವಿಲ್ಲದ ಮೆಕ್ಯಾನಿಕ್ಕಿಗೂ ಇದು ತಪ್ಪಿಸಬಾರದ ಕೆಲಸ.

ಎಣ್ಣೆಯ ಮೇಲೆ ತೇಲುವ ಕ್ರ್ಯಾಂಕು

1883ರಲ್ಲಿ ಬ್ರಿಟನ್ನಿನ ಬೋಚಂಪ್ ಟವರ್ ರೈಲಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಬೇರಿಂಗಿನ ನೆತ್ತಿಗೆ ಎಣ್ಣೆ ಬಿಡಲೆಂದು ಕೊರೆದ ತೂತಿನಿಂದ ಎಣ್ಣೆ ಒಳಗಿಳಿಯುವ ಬದಲು ಹೊರಗೆ ಉಕ್ಕಿತು. ತೂತಿಗೆ ಬಿರಡೆ ಹಾಕಿದರೆ ಅದನ್ನೂ ತಳ್ಳಿ ಹಾಕಿತು. ಒತ್ತಡಮಾಪಕ ಜೋಡಿಸಿ ನೋಡಿದಾಗ ತಿಳಿದದ್ದು ಇದು: ತಿರುಗುವ ದಂಡವೇ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಎಳೆದೊಯ್ದು, ತನ್ನನ್ನು ಮೇಲೆತ್ತುವಷ್ಟು ಒತ್ತಡವನ್ನು ತಾನೇ ಹುಟ್ಟಿಸುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. ಇಂದಿಗೂ ಎಂಜಿನ್ನಿನ ಬೇರಿಂಗ್ ಲೆಕ್ಕದ ಬುನಾದಿ ಅದೇ. ಎಣ್ಣೆಯ ಪಂಪು ಎಣ್ಣೆಯನ್ನು ತಲುಪಿಸುತ್ತದೆ. ಕ್ರ್ಯಾಂಕನ್ನು ಎತ್ತಿ ಹಿಡಿಯುವುದು ಕ್ರ್ಯಾಂಕಿನ ತಿರುಗಾಟ.

ಆ ಕಿರಿದಾಗುವ ಸಂದು ಎಷ್ಟಿರಬೇಕು? ದಂಡದ ವ್ಯಾಸದ ಸಾವಿರದಲ್ಲಿ ಒಂದು ಪಾಲು ಎಂಬುದು ಕೆಲಸದವರ ಸೂತ್ರ. 45 ಮಿ.ಮೀ. ಜರ್ನಲ್ಲಿಗೆ, ಅಂದರೆ ಬೇರಿಂಗಿನೊಳಗೆ ತಿರುಗುವ ಭಾಗಕ್ಕೆ, 0.045 ಮಿ.ಮೀ. ಸಂದು ಕಡಿಮೆಯಾದರೆ ಎಣ್ಣೆ ಕಾದು ತೆಳುವಾಗುತ್ತದೆ, ಕ್ರ್ಯಾಂಕು ತುಸು ಬಾಗಿದರೂ ಲೋಹ ಲೋಹಕ್ಕೆ ತಾಗುತ್ತದೆ. ಹೆಚ್ಚಾದರೆ ಎಣ್ಣೆ ಪಕ್ಕದಿಂದ ಸೋರುತ್ತದೆ, ಮತ್ತು ಆ ಸೋರಿಕೆ ಸಂದಿನ ಘನಕ್ಕೆ ಅನುಗುಣ: ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟು. ಕೊನೆಯ ಬೇರಿಂಗಿಗೆ ತಲುಪುವಷ್ಟರಲ್ಲಿ ಒತ್ತಡ ಕುಸಿದಿರುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನ ವ್ಯತ್ಯಾಸಕ್ಕೆ ಎಂಜಿನ್ ಬದುಕುವುದೋ ಸಾಯುವುದೋ ತೀರ್ಮಾನವಾಗುತ್ತದೆ. ಆದ್ದರಿಂದ ಬೇರಿಂಗಿನ ಶೆಲ್ಲುಗಳನ್ನು ಕೂರಿಸಿ, ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು, ಬೋರ್ ಗೇಜಿನಿಂದ ಅಳೆದು, ಪ್ರತಿ ಜರ್ನಲ್ಲಿನ ಅಳತೆಯನ್ನು ಅದರಿಂದ ಕಳೆದು ಬರೆದಿಡಬೇಕು.

ಹೆಡ್: ಒಂದನ್ನು ಮುಟ್ಟಿದರೆ ಮೂರು ಬದಲು

ಕಂಪ್ರೆಷನ್ ಅನುಪಾತ 9ರಿಂದ 10.5ಕ್ಕೆ ಏರಿದರೆ ಆದರ್ಶ ಎಂಜಿನ್ನಿನ ದಕ್ಷತೆ ಶೇಕಡ 58.5ರಿಂದ 61ಕ್ಕೆ ಏರುತ್ತದೆ. ಅಷ್ಟೇ ಇಂಧನದಿಂದ ಶೇಕಡ ನಾಲ್ಕರಷ್ಟು ಹೆಚ್ಚು ಕೆಲಸ. ಈ ಲಾಭಕ್ಕೆ ಎಲ್ಲೆ ಹಾಕುವುದು ನಾಕಿಂಗ್: ಕಿಡಿಯ ಜ್ವಾಲೆ ಮುಟ್ಟುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವುದು. ಮೊದಲ ಮಹಾಯುದ್ಧದ ಬಳಿಕ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಓಡುತ್ತಿರುವಾಗಲೇ ಕಂಪ್ರೆಷನ್ ಬದಲಿಸಬಲ್ಲ ಪ್ರಯೋಗದ ಎಂಜಿನ್ನೊಂದನ್ನು ಕಟ್ಟಿ, ಯಾವ ಇಂಧನ ಎಷ್ಟು ಅನುಪಾತದವರೆಗೆ ತಾಳುತ್ತದೆ ಎಂದು ಅಳೆದರು. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲ್ ಇತ್ತೀಚಿನವರೆಗೆ 91 ಆಕ್ಟೇನಿನದಾಗಿತ್ತು. 95ರದ್ದೂ, ಕೆಲವೆಡೆ 100ರದ್ದೂ ಸಿಗುತ್ತದೆ. ಅನುಪಾತ ನಿರ್ಧರಿಸುವ ಮುನ್ನ ಯಾವ ಪೆಟ್ರೋಲ್ ಹಾಕುತ್ತೇವೆ ಎಂಬುದು ನಿರ್ಧಾರವಾಗಿರಬೇಕು.

9ರಿಂದ 10.5ಕ್ಕೆ ಹೋಗಲು ಪ್ರತಿ ಸಿಲಿಂಡರಿನ ದಹನಕೋಣೆ 40.6 ಸಿಸಿಯಿಂದ 34.2ಕ್ಕೆ ಇಳಿಯಬೇಕು. ಹೆಡ್ಡಿನ ಮುಖವನ್ನು ಕಾಲು ಮಿಲಿಮೀಟರ್ ಸವೆಸಿದರೆ ಇಳಿಯುವುದು ಒಂದು ಸಿಸಿಯಷ್ಟು. ಬಾಕಿಯದು ಪಿಸ್ಟನ್ನಿನ ತಲೆಯ ಆಕಾರದಿಂದ ಬರಬೇಕು. ಅಂದಾಜು ಇಲ್ಲಿ ಸಲ್ಲದು. ಬ್ಯೂರೆಟ್ಟಿನಿಂದ ದ್ರವ ತುಂಬಿ ನಾಲ್ಕೂ ಕೋಣೆಗಳನ್ನು ಅಳೆದು ಸರಿಗಟ್ಟಬೇಕು.

ಹೆಡ್ಡನ್ನು ಸವೆಸಿದಾಗ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿಗೆ ಅಷ್ಟು ಹತ್ತಿರವಾಗುತ್ತದೆ, ಟೈಮಿಂಗ್ ಬೆಲ್ಟಿನ ಹಾದಿ ಬದಲಾಗಿ ಕ್ಯಾಮ್ ತುಸು ತಡವಾಗುತ್ತದೆ. ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಹೆಚ್ಚು ಹೊತ್ತು ವಾಲ್ವು ತೆರೆದಿಡುವ ಸ್ಪರ್ಧೆಯ ಕ್ಯಾಮ್ ಹಾಕಿದರೆ ಈ ಸಂದು ಇನ್ನೂ ಕಿರಿದು. ಪಿಸ್ಟನ್ನಿನ ಮೇಲೆ ಮೆತ್ತನೆ ಕ್ಲೇ ಇಟ್ಟು, ಹೆಡ್ ಜೋಡಿಸಿ, ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಒತ್ತಿದ ಜಾಗದ ದಪ್ಪ ಅಳೆಯಬೇಕು. ಇನ್‌ಟೇಕಿಗೆ ಎರಡು ಮಿಲಿಮೀಟರ್, ಹೆಚ್ಚು ಕಾಯುವ ಎಕ್ಸಾಸ್ಟಿಗೆ ಎರಡೂವರೆ ಇದ್ದರೆ ನೆಮ್ಮದಿ.

ಇಂಥ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ವೇಗ ಹೆಚ್ಚಿದಾಗ ರಭಸದಿಂದ ನುಗ್ಗುವ ಗಾಳಿ ಪಿಸ್ಟನ್ ಮೇಲೇರತೊಡಗಿದ ಮೇಲೂ ಒಳಗೆ ಬರುತ್ತಲೇ ಇರುತ್ತದೆ, ಲಾಭ. ವೇಗ ಕಡಿಮೆ ಇದ್ದಾಗ ಅದೇ ಗಾಳಿ ವಾಪಸು ಹೋಗುತ್ತದೆ, ನಷ್ಟ. ಹೆಚ್ಚಿದ ಕಂಪ್ರೆಷನ್ ಆ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತದೆ. ಹಾಗಾಗಿ ಕ್ಯಾಮನ್ನೂ ಪಿಸ್ಟನ್ನನ್ನೂ ಜೋಡಿಯಾಗಿಯೇ ಆರಿಸಬೇಕು.

ವಾಲ್ವ್ ಸ್ಪ್ರಿಂಗಿಗೂ ವರ್ಗದ ನಿಯಮವೇ. ಕ್ಯಾಮಿನ ಆಕಾರ ಅದೇ ಇದ್ದರೂ ವಾಲ್ವು ಕ್ಯಾಮನ್ನು ಬಿಟ್ಟು ಹಾರದಂತೆ ಹಿಡಿದಿಡಲು 7500 ಸುತ್ತಿಗೆ 6000ಕ್ಕಿಂತ ಶೇಕಡ 56ರಷ್ಟು ಹೆಚ್ಚು ಬಲ ಬೇಕು. ಬೇಕಾದುದಕ್ಕಿಂತ ಬಿಗಿ ಸ್ಪ್ರಿಂಗ್ ಹಾಕಿದರೆ ಘರ್ಷಣೆ ಏರಿ ಕ್ಯಾಮ್ ಸವೆಯುತ್ತದೆ. ವಾಲ್ವನ್ನೂ ಅದರ ಮೇಲೆ ಸ್ಪ್ರಿಂಗನ್ನು ಹಿಡಿದಿಡುವ ರಿಟೇನರನ್ನೂ ಹಗುರ ಮಾಡುವುದು ಹೆಚ್ಚು ಜಾಣತನದ ದಾರಿ.

ತೊಳೆದು, ಜೋಡಿಸಿ, ಬರೆದಿಡುವುದು

ಹೋನಿಂಗ್ ಮುಗಿದ ಬ್ಲಾಕನ್ನು ಸೀಮೆಎಣ್ಣೆಯಿಂದ ಒರೆಸಿದರೆ ಸಾಲದು. ಗೆರೆಗಳೊಳಗೆ ಕಲ್ಲಿನ ಪುಡಿ ಉಳಿದಿರುತ್ತದೆ. ಅದನ್ನು ಎತ್ತುವುದು ಬಿಸಿನೀರು, ಸಾಬೂನು ಮತ್ತು ಬ್ರಷ್ಷು. ಎಣ್ಣೆ ಸವರಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು, ಕೂಡಲೇ ಎಣ್ಣೆ ಹಚ್ಚಬೇಕು. ಜೋಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಣ್ಣೆಯ ಒತ್ತಡ ಬರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ, ನಂತರವೇ ಚಾಲೂ ಮಾಡುವುದು. ಹೊಸ ರಿಂಗು ಕೂರುವುದು ಐಡಲಿನಲ್ಲಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಅದರ ಹಿಂದೆ ನುಗ್ಗುವ ಅನಿಲದ ಒತ್ತಡ, ಅದಕ್ಕೆ ಎಂಜಿನ್ನಿನ ಮೇಲೆ ಹದವಾದ ಹೊರೆ ಬೇಕು. ಮೊದಲ ಓಟದ ಎಣ್ಣೆಯನ್ನು ಬೇಗ ಬದಲಿಸಿ, ಫಿಲ್ಟರನ್ನು ಕತ್ತರಿಸಿ ಒಳಗೆ ಯಾವ ಲೋಹದ ಚೂರಿದೆ ಎಂದು ನೋಡಬೇಕು.

ಪ್ರತಿ ಬೋರಿನ, ಜರ್ನಲ್ಲಿನ, ರಿಂಗಿನ, ಬೋಲ್ಟಿನ ಅಳತೆಯೂ ಒಂದು ಹಾಳೆಯಲ್ಲಿರಬೇಕು. ಮುಂದಿನ ಸಲ ಎಂಜಿನ್ ಬಿಚ್ಚಿದಾಗ ಯಾವ ಭಾಗ ಎಷ್ಟು ಸವೆದಿದೆ ಎಂದು ಆ ಹಾಳೆಯೇ ಹೇಳುತ್ತದೆ. ಅಳತೆಯಿಲ್ಲದೆ ಕಟ್ಟಿದ ಎಂಜಿನ್ ಗೆದ್ದರೂ ಸೋತರೂ ಕಟ್ಟಿದವರಿಗೆ ಏನನ್ನೂ ಕಲಿಸುವುದಿಲ್ಲ.

ಎಲ್ಲಕ್ಕೂ ಸಾಕಾಗುವಷ್ಟು ದುಡ್ಡು ಇಲ್ಲದಿದ್ದರೆ? ಬೋಲ್ಟಿನಲ್ಲಿ, ಬೋರಿಂಗ್ ಕೆಲಸದಲ್ಲಿ, ಬೇರಿಂಗಿನಲ್ಲಿ ಉಳಿತಾಯ ಮಾಡಬಾರದು. ಇಳಿಸಬೇಕಾದದ್ದು ಸುತ್ತಿನ ಮಿತಿಯನ್ನು. 7500ರ ಬದಲು 7000ಕ್ಕೆ ನಿಂತರೆ ಅದೇ ಟಾರ್ಕಿಗೆ 93 ಅಶ್ವಶಕ್ತಿ ಸಿಗುತ್ತದೆ, ಒಳಗಿನ ಹೊರೆಯ ಏರಿಕೆ ಶೇಕಡ 56ರಿಂದ 36ಕ್ಕೆ ಇಳಿಯುತ್ತದೆ. ಏಳು ಅಶ್ವಶಕ್ತಿ ಬಿಟ್ಟುಕೊಟ್ಟು ಇಡೀ ಸ್ಪರ್ಧೆ ಮುಗಿಸುವ ಎಂಜಿನ್ ಪಡೆಯುವುದು ಒಳ್ಳೆಯ ವ್ಯಾಪಾರ, ಮತ್ತು ಅದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಕಾಗದದ ಮೇಲೆ ಮಾಡಬಹುದು.